ಸುಜು ಬಗ್ಗೆ 64 ಪುಟ ಇದೆ, ಕಥೆ ಮಾತ್ರ ಇಲ್ಲ

ಪ್ರಶ್ನೆ: ನನಗೆ 21 ವರ್ಷ. ದಾವಣಗೆರೆಯಲ್ಲಿ ಬಿಸಿಎ ಕೊನೆ ವರ್ಷ ಓದುತ್ತಿದ್ದೇನೆ. ಆಟಿಸಂ ಇದೆ ಎಂದು ಗೊತ್ತಾಗಿದ್ದು 19ನೇ ವಯಸ್ಸಿನಲ್ಲಿ. ನಿಂಜಾಗಳ ಹಳ್ಳಿಯ ಒಂದು ಜಪಾನಿ ಅನಿಮೆ, ಅಂದರೆ ಕಾರ್ಟೂನ್ ಸರಣಿ, ಎಂದರೆ ನನಗೆ ಪ್ರಾಣ. ಅದನ್ನು ಇಟ್ಟುಕೊಂಡು ಇಂಗ್ಲಿಷಿನಲ್ಲಿ ಫ್ಯಾನ್ ಫಿಕ್ಷನ್, ಅಂದರೆ ಅಭಿಮಾನಿಗಳು ಅದೇ ಲೋಕದಲ್ಲಿ ಕಟ್ಟುವ ಕಥೆ, ಬರೆಯುತ್ತೇನೆ. ಅದರಲ್ಲಿ ನನ್ನದೇ ಒಂದು ಓಸಿ ಇದೆ, ಅಂದರೆ ಮೂಲ ಕಥೆಯಲ್ಲಿ ಇಲ್ಲದ, ನಾನೇ ಹುಟ್ಟಿಸಿದ ಪಾತ್ರ. ಹೆಸರು ಸುಜು. ಪತ್ರ ಹೊರುವ ಗಿಡುಗಗಳನ್ನು ನೋಡಿಕೊಳ್ಳುವ ಹುಡುಗಿ. ಅವಳ ಬಗ್ಗೆ 64 ಪುಟ ಟಿಪ್ಪಣಿ ಇದೆ. ಕಥೆ ಮಾತ್ರ ಮೂರು ಅಧ್ಯಾಯಕ್ಕೆ ನಿಂತಿದೆ. ಒಬ್ಬರು 'ಇದು ಮೇರಿ ಸ್ಯೂ, ಬರೆದವಳೇ ವೇಷ ಹಾಕಿಕೊಂಡು ಬಂದಿದ್ದಾಳೆ, ಅದೂ ರೋಬೋಟ್ ಥರ' ಎಂದು ಕಮೆಂಟ್ ಹಾಕಿದರು. ಎರಡು ದಿನ ಊಟ ಸೇರಲಿಲ್ಲ. ಆಟಿಸಂ ಇರುವವರಿಗೆ ಕಲ್ಪನೆ ಕಡಿಮೆ ಎಂದು ಹಿಂದೆ ಒಬ್ಬ ಕೌನ್ಸೆಲರ್ ಹೇಳಿದ್ದರು. ಅಮ್ಮ 'ಬರೆಯೋದಾದ್ರೆ ಸ್ವಂತದ್ದು ಬರಿ, ಬೇರೆಯವರ ಕಥೆ ಯಾಕೆ' ಅನ್ನುತ್ತಾರೆ. ನನಗೆ ನಿಜವಾಗಿಯೂ ಕಲ್ಪನೆ ಇಲ್ವಾ? ಓಸಿ ನನ್ನ ಹಾಗೇ ಇದ್ದರೆ ತಪ್ಪಾ? ಟಿಪ್ಪಣಿ ಕಥೆ ಆಗುವುದು ಹೇಗೆ? ಎಲ್ಲವನ್ನೂ ಜೊತೆಗೆ ಕಳಿಸಿದ್ದೇನೆ.

ಉತ್ತರ: ನೀವು ಕಳಿಸಿದ್ದನ್ನು ಎರಡು ರಾತ್ರಿ ಕೂತು ಓದಿದೆ. 9ನೇ ಪುಟದಲ್ಲಿ ಒಂದು ಸಾಲಿದೆ. ಸುಜುಳ ಎಡ ಚಪ್ಪಲಿ ಬಲಗಡೆಯದಕ್ಕಿಂತ ಬೇಗ ಸವೆಯುತ್ತದೆ, ಯಾಕೆಂದರೆ ಬಲಗೈ ಮೇಲೆ ಗಿಡುಗ ಕೂತಾಗ ಅವಳು ಎಡಗಾಲಿನ ಮೇಲೆ ಭಾರ ಹಾಕಿ ನಿಲ್ಲುತ್ತಾಳೆ. ಇಂಥ ಸಾಲು ಬರೆದವರು ನನ್ನನ್ನು ಕೇಳುತ್ತಿದ್ದೀರಿ, ನನಗೆ ಕಲ್ಪನೆ ಇದೆಯಾ ಅಂತ! ಆ ಅನಿಮೆಯಲ್ಲಿ ಈ ಹುಡುಗಿ ಇಲ್ಲ, ಅವಳ ಚಪ್ಪಲಿಯೂ ಇಲ್ಲ. ಹಕ್ಕಿಯ ತೂಕ ಮೈಗೆ ಏನು ಮಾಡುತ್ತದೆ, ಮೈ ಚಪ್ಪಲಿಗೆ ಏನು ಮಾಡುತ್ತದೆ ಎಂದು ನೀವು ಕಣ್ಣ ಮುಂದೆ ತಂದುಕೊಂಡಿದ್ದೀರಿ. ಕಲ್ಪನೆ ಅಂದರೆ ಇನ್ನೇನು?

ಹಾಗಾದರೆ ಕೌನ್ಸೆಲರ್ ಹೇಳಿದ ಮಾತು ಎಲ್ಲಿಂದ ಬಂತು? ಅವರೇ ಕಟ್ಟಿದ್ದಲ್ಲ. ಅದಕ್ಕೊಂದು ಹಳೆಯ ಬೇರು ಇದೆ. ಲಂಡನ್ನಿನ ಕ್ಯಾಂಬರ್‌ವೆಲ್ ಎಂಬಲ್ಲಿನ ಮಕ್ಕಳನ್ನು ಅಧ್ಯಯನ ಮಾಡಿ ಲೋರ್ನಾ ವಿಂಗ್ ಮತ್ತು ಜುಡಿತ್ ಗೂಲ್ಡ್ 1979ರಲ್ಲಿ ಒಂದು ಪ್ರಬಂಧ ಬರೆದರು. ಜನರ ಜೊತೆ ಬೆರೆಯುವುದು, ಮಾತುಕತೆ, ಕಲ್ಪನೆ, ಈ ಮೂರರ ತೊಂದರೆ ಒಟ್ಟಿಗೇ ಕಾಣುತ್ತದೆ ಎಂದರು. ಆದರೆ ಅಲ್ಲಿ ಕಲ್ಪನೆ ಎಂದರೆ ಮುಖ್ಯವಾಗಿ ಚಿಕ್ಕ ಮಕ್ಕಳ ಆಟ. ಬೊಂಬೆಗೆ ಊಟ ಮಾಡಿಸುವುದು, ಖಾಲಿ ಲೋಟದಲ್ಲಿ ಕಾಫಿ ಕುಡಿದ ಹಾಗೆ ಮಾಡುವುದು, ಅಂಥದ್ದು. ಮಗು ಬೊಂಬೆಗೆ ಊಟ ಮಾಡಿಸದೆ ಕಾರುಗಳನ್ನು ಬಣ್ಣದ ಪ್ರಕಾರ ಸಾಲಾಗಿ ಜೋಡಿಸುತ್ತಾ ಕೂತರೆ ಅದು ಲೆಕ್ಕಕ್ಕೆ ಬರುತ್ತಿತ್ತು. ಲೋರ್ನಾ ವಿಂಗ್ ಸ್ವತಃ ಆಟಿಸಂ ಇದ್ದ ಮಗಳ ತಾಯಿ. ಯಾರನ್ನೂ ಕೀಳು ಮಾಡಲು ಆಡಿದ ಮಾತಲ್ಲ ಅದು. ಆದರೆ ಪ್ರಬಂಧದಿಂದ ತರಬೇತಿಗೆ, ತರಬೇತಿಯಿಂದ ಕ್ಲಿನಿಕ್ಕಿಗೆ ಬರುವಷ್ಟರಲ್ಲಿ 'ಆಟದಲ್ಲಿ ನಟನೆ ಕಡಿಮೆ' ಎಂಬುದು 'ಕಲ್ಪನೆಯೇ ಇಲ್ಲ' ಎಂದಾಗಿಬಿಟ್ಟಿತು. ನಾನು ಓದುವಾಗಲೂ ಹಾಗೇ ಬಾಯಿಪಾಠ ಮಾಡಿದ್ದೆ. ಅದನ್ನು ಮರೆಯುವುದಕ್ಕೆ ಕಲಿತದ್ದಕ್ಕಿಂತ ಜಾಸ್ತಿ ವರ್ಷ ಬೇಕಾಯಿತು.

2015ರಲ್ಲಿ ಬ್ರಿಟನ್ನಿನ ಸಂಶೋಧಕರು ಪ್ರಕಟಿಸಿದ ಒಂದು ಅಧ್ಯಯನ ನಿಮಗೆ ಇಷ್ಟವಾಗಬಹುದು. ಒಂದು ಇಟ್ಟಿಗೆ ಅಥವಾ ಪೇಪರ್ ಕ್ಲಿಪ್ಪಿನಿಂದ ಏನೇನು ಮಾಡಬಹುದು ಎಂದು ಜನರನ್ನು ಕೇಳಿದರು. ಆಟಿಸಂನ ಗುಣಗಳು ಹೆಚ್ಚಿರುವವರು ಕೊಟ್ಟ ಉತ್ತರಗಳ ಸಂಖ್ಯೆ ಕಡಿಮೆ. ಆದರೆ ಬೇರೆ ಯಾರಿಗೂ ಹೊಳೆಯದ ಉತ್ತರಗಳು ಅವರಿಂದ ಹೆಚ್ಚಾಗಿ ಬಂದವು. ಕಾಗದದ ವಿಮಾನದ ಮೂತಿಗೆ ಭಾರವಾಗಿ ಕ್ಲಿಪ್ ಸಿಕ್ಕಿಸುವುದು, ಕತ್ತರಿಸಿದ ಹೂವಿನ ದಂಟಿಗೆ ಊರುಗೋಲು ಮಾಡುವುದು, ಇಂಥ ಉತ್ತರಗಳನ್ನು ಅಪರೂಪದವು ಎಂದು ಲೆಕ್ಕ ಹಾಕಿದರು. ಇದೊಂದರಿಂದ ಆಟಿಸಂ ಇರುವವರೆಲ್ಲ ಮಹಾ ಪ್ರತಿಭಾವಂತರು ಎಂದು ನಾನು ಹೇಳುವುದಿಲ್ಲ. ಅದು ಇನ್ನೊಂದು ಥರದ ಸುಳ್ಳು. ಉತ್ತರ ಬರುವ ದಾರಿ ಬೇರೆ ಇರಬಹುದು, ಅಷ್ಟೇ.

ದಾರಿ ಬೇರೆ ಎನ್ನುವುದಕ್ಕೆ ಅಮೆರಿಕದ ಓವನ್ ಸಸ್ಕಿಂಡ್ ನೆನಪಾಗುತ್ತಾರೆ. ಮೂರು ವರ್ಷದ ಹೊತ್ತಿಗೆ ಅವರ ಮಾತು ನಿಂತುಹೋಯಿತು. ಆಟಿಸಂ ಎಂದು ಗೊತ್ತಾಯಿತು. ಡಿಸ್ನಿ ಕಾರ್ಟೂನುಗಳನ್ನು ಮತ್ತೆ ಮತ್ತೆ ನೋಡಿ, ಅದರ ಸಂಭಾಷಣೆಗಳಿಂದಲೇ ಮನೆಯವರೊಡನೆ ಮಾತಿಗೆ ಮರಳಿದರು. ಪತ್ರಕರ್ತರಾದ ಅವರ ತಂದೆ 2014ರಲ್ಲಿ ಇದನ್ನು ಪುಸ್ತಕವಾಗಿ ಬರೆದಿದ್ದಾರೆ. ಅದರಲ್ಲಿ ನನಗೆ ಹಿಡಿಸಿದ್ದು ಮಾತು ಮರಳಿದ ಸಂಗತಿಗಿಂತ ಅವರ ಚಿತ್ರದ ಪುಸ್ತಕಗಳು. ಓವನ್ ನಾಯಕರನ್ನು ಬರೆಯುತ್ತಿರಲಿಲ್ಲ. ನಾಯಕನ ಪಕ್ಕದಲ್ಲಿ ಓಡಾಡುವ ಗೆಳೆಯರನ್ನು, ಏಡಿ, ಕೋತಿಗಳನ್ನು ಪುಟ ತುಂಬಾ ಬರೆಯುತ್ತಿದ್ದರು. ಪಕ್ಕದ ಪಾತ್ರಗಳ ಕಾವಲುಗಾರ ನಾನು ಎಂದು ಹೇಳಿಕೊಂಡರು. ಆಮೇಲೆ ಆ ಪಾತ್ರಗಳೆಲ್ಲ ಕಾಡಿನಲ್ಲಿ ದಾರಿ ತಪ್ಪಿ ಒಂದುಗೂಡುವ ಕಥೆ ಕಟ್ಟಿದರು. ಪಾತ್ರಗಳು ಡಿಸ್ನಿಯವು. ದಾರಿ ತಪ್ಪಿದ್ದು ಓವನ್‌ನದು.

ನಿಮ್ಮ ಅಮ್ಮನ ಪ್ರಶ್ನೆಗೂ ಅರ್ಧ ಉತ್ತರ ಇಲ್ಲೇ ಇದೆ. ಉಳಿದರ್ಧಕ್ಕೆ ಆಮೇಲೆ ಬರುತ್ತೇನೆ. ಈಗ 64 ಪುಟದ ವಿಷಯ.

ಡೈನಾ ಮರ್ರೆ ಮತ್ತು ಅವರ ಜೊತೆಗಾರರು 2005ರಲ್ಲಿ ಮಾನೊಟ್ರೊಪಿಸಂ ಎಂಬ ವಿಚಾರವನ್ನು ವಿವರವಾಗಿ ಮುಂದಿಟ್ಟರು. ಅದರ ಪ್ರಕಾರ, ಆಟಿಸಂ ಇರುವವರ ಗಮನ ಹಲವು ಕಡೆ ತೆಳ್ಳಗೆ ಹರಡುವುದಿಲ್ಲ. ಒಂದೇ ಕಾಲುವೆಯಲ್ಲಿ ಜೋರಾಗಿ ಹರಿಯುತ್ತದೆ. ಟಿಪ್ಪಣಿ ಬರೆಯುವಾಗ ಇದು ವರ. ಒಂದು ಹಕ್ಕಿ, ಒಂದು ಗೂಡು, ಒಂದು ಅಗುಳಿ, ಹೀಗೆ ಆಳಕ್ಕೆ ಇಳಿಯಬಹುದು. ಕಥೆಯ ಒಂದು ದೃಶ್ಯ ಬರೆಯುವಾಗ ಹಾಗಲ್ಲ. ಸುಜು ಏನು ಯೋಚಿಸುತ್ತಿದ್ದಾಳೆ, ಎದುರಿಗಿರುವವನು ಏನು ಅಂದುಕೊಂಡ, ಓದುವವರಿಗೆ ಎಷ್ಟು ಗೊತ್ತು, ಹೊತ್ತು ಎಷ್ಟಾಯಿತು, ಎಲ್ಲವನ್ನೂ ಒಂದೇ ಸಲ ಹಿಡಿದುಕೊಳ್ಳಬೇಕು. ಕಾಲುವೆ ನಾಲ್ಕಾಗಿ ಒಡೆಯಬೇಕು. ಅಲ್ಲೇ ನೀವು ನಿಂತಿರುವುದು. ಕಲ್ಪನೆ ಬತ್ತಿ ನಿಂತದ್ದಲ್ಲ.

ಕಥೆ ಬರೆಯುವುದನ್ನು ಕಲಿಸುವವರು ಸಾಮಾನ್ಯವಾಗಿ ಮೇಲಿನಿಂದ ಶುರು ಮಾಡುತ್ತಾರೆ. 'ನಿಮ್ಮ ಪಾತ್ರಕ್ಕೆ ಏನು ಬೇಕು? ಅದರ ದೊಡ್ಡ ಕನಸೇನು?' ಎಂದು ಕೇಳುತ್ತಾರೆ. ನಿಮ್ಮ 2ನೇ ಪುಟದಲ್ಲೂ ಆ ಪ್ರಶ್ನೆ ಬರೆದು, ಕೆಳಗೆ ಖಾಲಿ ಬಿಟ್ಟಿದ್ದೀರಿ. ಖಾಲಿಯೇ ಇರಲಿ. ಪಶುಗಳ ವರ್ತನೆಯ ತಜ್ಞೆ ಟೆಂಪಲ್ ಗ್ರ್ಯಾಂಡಿನ್ ಅವರಿಗೂ ಆಟಿಸಂ ಇದೆ. ಚರ್ಚಿನ ಗೋಪುರ ಎಂದು ಯಾರಾದರೂ ಹೇಳಿದರೆ ತಮ್ಮ ತಲೆಯಲ್ಲಿ 'ಗೋಪುರ' ಎಂಬ ಸಾಮಾನ್ಯ ಚಿತ್ರ ಬರುವುದಿಲ್ಲ, ತಾವು ಕಂಡ ಒಂದೊಂದೇ ಗೋಪುರ ಬರುತ್ತದೆ, ಅವುಗಳಿಂದ ಗೋಪುರದ ಅರ್ಥ ಕಟ್ಟಿಕೊಳ್ಳುತ್ತೇನೆ ಎಂದು ಅವರು ಹೇಳುತ್ತಾರೆ. ಬಿಡಿ ಬಿಡಿ ಸಂಗತಿಗಳಿಂದ ಮೇಲಕ್ಕೆ ಹತ್ತುವ ದಾರಿ ಅದು. ನಿಮ್ಮದೂ ಅದೇ ಅನ್ನಿಸುತ್ತದೆ.

ಆದ್ದರಿಂದ ನನ್ನ ಸಲಹೆ ಇದು. ಸುಜುಳ ಕನಸು ಹುಡುಕಬೇಡಿ. ಅವಳ ನಿಯಮಗಳನ್ನು ಹುಡುಕಿ. ನಿಮ್ಮ ಟಿಪ್ಪಣಿಯ ತುಂಬಾ ನಿಯಮಗಳೇ ಇವೆ. ಒಂದು ಕೆಂಪು ಪೆನ್ ತೆಗೆದುಕೊಂಡು 'ಸುಜು ಯಾವತ್ತೂ', 'ಸುಜು ಎಂದಿಗೂ' ಎಂದು ಶುರುವಾಗುವ ಸಾಲುಗಳನ್ನೆಲ್ಲ ಗುರುತು ಮಾಡಿ. ನಾನು ಮಾಡಿದಾಗ 23 ಸಿಕ್ಕಿದವು. ಆಮೇಲೆ ಒಂದೇ ಹೊತ್ತಿನಲ್ಲಿ ಪಾಲಿಸಲಾಗದ ಎರಡು ನಿಯಮಗಳನ್ನು ಹುಡುಕಿ.

14ನೇ ಪುಟ: ಸೂರ್ಯ ಮುಳುಗಿದ ಮೇಲೆ ಸುಜು ಎಂದಿಗೂ ಗೂಡುಮನೆಯ ಬಾಗಿಲು ತೆರೆಯುವುದಿಲ್ಲ. 31ನೇ ಪುಟ: ಗಾಯವಾದ ಹಕ್ಕಿಯನ್ನು ಸುಜು ಎಂದಿಗೂ ಹೊರಗೆ ಬಿಡುವುದಿಲ್ಲ. ಈಗ ಕತ್ತಲಾಗಿದೆ ಅನ್ನಿ. ಬಾಗಿಲ ಹೊರಗೆ ಒಂದು ಗಿಡುಗ ಬಂದು ಕೂತಿದೆ. ರೆಕ್ಕೆಯಲ್ಲಿ ರಕ್ತ. ಕಾಲಿಗೆ ಪತ್ರ ಕಟ್ಟಿದೆ.

ನೋಡಿ, ಕಥೆ ಶುರುವಾಯಿತು ಅಲ್ವಾ? ನಾನು ಹೊಸದಾಗಿ ಏನೂ ಸೇರಿಸಿಲ್ಲ. ಎರಡೂ ನಿಮ್ಮವೇ. ಅವು 17 ಪುಟ ದೂರ ದೂರ ಕೂತಿದ್ದವು, ಅಷ್ಟೇ. ನೀವು ಬಿಸಿಎ ಓದುತ್ತಿರುವುದರಿಂದ ಇದು ಬೇಗ ಅರ್ಥವಾಗುತ್ತದೆ: ಎರಡು ಷರತ್ತು, ಎರಡೂ ಒಟ್ಟಿಗೆ ನಿಜವಾಗುವ ಹಾಗಿಲ್ಲ, ಪ್ರೋಗ್ರಾಂ ಏನು ಮಾಡುತ್ತದೆ? ಸುಜು ಯಾವ ನಿಯಮ ಮುರಿಯುತ್ತಾಳೆ, ಮುರಿದ ಮೇಲೆ ಅವಳ ಮೈಯಲ್ಲಿ ಏನಾಗುತ್ತದೆ, ಮರುದಿನ ಯಾರಿಗೆ ಏನು ಹೇಳುತ್ತಾಳೆ. ಒಂದು ಅಧ್ಯಾಯಕ್ಕೆ ಇಷ್ಟು ಸಾಕು. ನಿಯಮ ಮುರಿದಾಗ ಏನಾಗುತ್ತದೆ ಎಂಬುದು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಬಸ್ ರೂಟ್ ಬದಲಾದ ದಿನ ನಿಮಗೆ ಹೇಗಾಯಿತು ಎಂದು ಪತ್ರದ ಕೊನೆಯಲ್ಲಿ ನೀವೇ ಬರೆದಿದ್ದೀರಿ.

ಒಂದು ವ್ಯಾವಹಾರಿಕ ಮಾತು. ಪ್ರತಿ ದೃಶ್ಯವನ್ನು ಮೂರು ಸಲ ಬರೆಯಿರಿ, ಪ್ರತಿ ಸಲ ಒಂದೇ ಕಾಲುವೆ. ಮೊದಲ ಸಲ ಕೈಗಳು ಏನು ಮಾಡಿದವು ಎಂದು ಮಾತ್ರ. ಎರಡನೆಯ ಸಲ ಮಾತು ಮಾತ್ರ. ಮೂರನೆಯ ಸಲ ಎರಡನ್ನೂ ಹೆಣೆಯಿರಿ. ಮಾತಿನ ಸಲ ಇಂಗ್ಲಿಷ್ ಬಿಟ್ಟು ದಾವಣಗೆರೆ ಕನ್ನಡದಲ್ಲೇ ಬರೆದುಕೊಳ್ಳಿ, ಆಮೇಲೆ ಇಂಗ್ಲಿಷಿಗೆ ತನ್ನಿ. ನಿಮ್ಮ ಸುಜು ಸಿಟ್ಟು ಬಂದಾಗ 'ಯೂ ಫೂಲ್' ಎನ್ನುತ್ತಾಳೆ. ಅದು ಡಬ್ಬಿಂಗ್ ಸಿಟ್ಟು. 'ಏನ್ಲೇ ಮಾಡಿದೆ ನೀನು' ಎಂದು ಒಂದು ಸಲ ಅನ್ನಿಸಿ ನೋಡಿ.

ಈಗ ಆ ಕಮೆಂಟ್. ಅದರಲ್ಲಿ ಎರಡು ದೂರು ಇವೆ. ಬೇರೆ ಬೇರೆ ಮಾಡಿ ನೋಡೋಣ.

'ರೋಬೋಟ್' ಎಂದದ್ದು ಯಾಕೆಂದರೆ ನೀವು ಎಲ್ಲೂ 'ಸುಜುಗೆ ಹೆದರಿಕೆಯಾಯಿತು' ಎಂದು ಬರೆಯುವುದಿಲ್ಲ. ಆಟಿಸಂ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ತಮಗೆ ಆಗುತ್ತಿರುವ ಭಾವನೆಗೆ ಹೆಸರು ಹುಡುಕುವುದು ಕಷ್ಟ. ಇದಕ್ಕೆ ಅಲೆಕ್ಸಿಥೈಮಿಯಾ ಎನ್ನುತ್ತಾರೆ. ಭಾವನೆ ಇರುತ್ತದೆ, ಬೇಕಾದಷ್ಟು ಇರುತ್ತದೆ. ಹೆಸರಿನ ಚೀಟಿ ಇರುವುದಿಲ್ಲ. ನಿಮ್ಮ ಎರಡನೇ ಅಧ್ಯಾಯದಲ್ಲಿ ಹಿರಿಯ ನಿಂಜಾ ಬೈದು ಹೋದ ಮೇಲೆ ಸುಜು ಗೂಡುಮನೆಯ ಅಗುಳಿಗಳನ್ನು ಎಣಿಸುತ್ತಾಳೆ, ಮುಗಿದ ಮೇಲೆ ಮತ್ತೆ ಮೊದಲಿನಿಂದ ಎಣಿಸುತ್ತಾಳೆ. ಓದುವಾಗ ನನ್ನ ಹೊಟ್ಟೆಯಲ್ಲಿ ಹಿಂಡಿದ ಹಾಗಾಯಿತು. ಆ ಕಮೆಂಟ್ ಹಾಕಿದವರಿಗೆ ಅದು ಕಾಣಲಿಲ್ಲ. ಡೇಮಿಯನ್ ಮಿಲ್ಟನ್ ಎಂಬ ಸಮಾಜಶಾಸ್ತ್ರಜ್ಞರು 2012ರಲ್ಲಿ ಹೇಳಿದ್ದು ಇದನ್ನೇ. ಆಟಿಸಂ ಇರುವವರು ಬೇರೆಯವರ ಮನಸ್ಸು ಓದಲಾರರು ಎಂದು ಎಲ್ಲರೂ ಹೇಳುತ್ತಾರೆ, ಆದರೆ ಅವರ ಮನಸ್ಸನ್ನು ಓದುವುದು ಬೇರೆಯವರಿಗೂ ಅಷ್ಟೇ ಕಷ್ಟ, ತೊಂದರೆ ಎರಡೂ ಕಡೆಯದು. ಹೀಗೆ ಹೇಳಿದ ಮಿಲ್ಟನ್ ಅವರಿಗೂ ಆಟಿಸಂ ಇದೆ.

ಹಾಗಂತ ಓದುವವರದೇ ತಪ್ಪು ಎಂದು ಬಿಡಬೇಡಿ. ಒಂದು ಚಿಕ್ಕ ಸೇತುವೆ ಕಟ್ಟಬಹುದು. ಮೊದಲ ಅಧ್ಯಾಯದಲ್ಲೇ, ಏನೂ ಗಲಾಟೆ ಇಲ್ಲದ ಬೆಳಗ್ಗೆ, ಸುಜು ಅಗುಳಿಗಳನ್ನು ಒಂದೇ ಸಲ ಎಣಿಸಿ ಹೋಗುವುದನ್ನು ತೋರಿಸಿ. ಆಗ ಎರಡನೇ ಅಧ್ಯಾಯದಲ್ಲಿ ಅವಳು ಎರಡೆರಡು ಸಲ ಎಣಿಸಿದಾಗ ಓದುವವರಿಗೆ ತಾನಾಗೇ ತಿಳಿಯುತ್ತದೆ. 'ಹೆದರಿಕೆ' ಎಂಬ ಪದ ಬೇಕಾಗುವುದೇ ಇಲ್ಲ.

ಇನ್ನು ಮೇರಿ ಸ್ಯೂ. ಇದೊಂದು ಹೆಸರಿಟ್ಟ ಬೈಗುಳ, ಹುಟ್ಟಿದ್ದು 1973ರಲ್ಲಿ. ಸ್ಟಾರ್ ಟ್ರೆಕ್ ಧಾರಾವಾಹಿಯ ಅಭಿಮಾನಿಗಳು ತಾವೇ ಅಚ್ಚು ಹಾಕಿ ಹಂಚುತ್ತಿದ್ದ ಪತ್ರಿಕೆಯೊಂದರಲ್ಲಿ ಪೌಲಾ ಸ್ಮಿತ್ ಒಂದು ಪುಟ್ಟ ಅಣಕು ಕಥೆ ಬರೆದರು. ಹದಿನೈದೂವರೆ ವರ್ಷದ ಲೆಫ್ಟಿನೆಂಟ್ ಮೇರಿ ಸ್ಯೂ ಅಂತರಿಕ್ಷ ಹಡಗಿಗೆ ಬರುತ್ತಾಳೆ, ಕ್ಯಾಪ್ಟನ್ ನೋಡಿದ ಕೂಡಲೇ ಮರುಳಾಗುತ್ತಾನೆ, ಅವಳು ಹಡಗನ್ನೇ ನಡೆಸುತ್ತಾಳೆ, ಕೊನೆಗೆ ಸಾಯುತ್ತಾಳೆ, ಎಲ್ಲರೂ ಗೊಳೋ ಎಂದು ಅಳುತ್ತಾರೆ. ನಗು ಬರುವ ಕಥೆ. ಆಮೇಲೆ ಆ ಹೆಸರು ಬೆತ್ತವಾಯಿತು. ಹುಡುಗಿಯರು ಯಾವ ಹುಡುಗಿಯ ಪಾತ್ರ ಕಟ್ಟಿದರೂ ಬೆನ್ನಿಗೆ ಬೀಳತೊಡಗಿತು.

ನಿಜವಾಗಿ ಇರುವವರು ಕಥೆಯೊಳಗೆ ಬಂದರೆ ತಪ್ಪು ಎನ್ನುವುದಾದರೆ ನಮ್ಮ ಪಂಪನನ್ನು ಏನು ಮಾಡುವುದು? 941ರಲ್ಲಿ ಅವನು ತನ್ನ ದೊರೆ ಅರಿಕೇಸರಿಯನ್ನೇ ಅರ್ಜುನನ ಜೊತೆ ಸೇರಿಸಿ ಭಾರತ ಬರೆದ. ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಕಟ್ಟಿದ. ಇಂದು ಅದನ್ನು ಯಾವುದಾದರೂ ಫ್ಯಾನ್ ಫಿಕ್ಷನ್ ತಾಣದಲ್ಲಿ ಹಾಕಿದ್ದರೆ ಕಮೆಂಟುಗಳು ಹೇಗಿರುತ್ತಿದ್ದವೋ. ಯಕ್ಷಗಾನವನ್ನೂ ನೋಡಿ. ಪ್ರಸಂಗದ ಪದ್ಯದಲ್ಲಿ ಹೆಸರೂ ಇಲ್ಲದ ದೂತನಿಗೆ ಹಾಸ್ಯಗಾರ ರಂಗದ ಮೇಲೇ ಊರು, ಹೊಟ್ಟೆನೋವು, ಹೆಂಡತಿಯ ಜೊತೆ ಜಗಳ ಎಲ್ಲ ಕೊಟ್ಟುಬಿಡುತ್ತಾನೆ. ಆ ದೂತ ಒಬ್ಬ ಓಸಿ ಅಲ್ಲದೆ ಮತ್ತೇನು? ಅಮ್ಮನಿಗೆ ಇದನ್ನು ಹೇಳಿ. ಬೇರೆಯವರ ಕಥೆಯೊಳಗೆ ಮನೆ ಕಟ್ಟುವುದು ನಮ್ಮ ಕಡೆ ಹೊಸದಲ್ಲ.

ಸುಜು ನಿಮ್ಮ ಹಾಗೇ ಇದ್ದಾಳೆ, ಹೌದು. ಇರಲಿ. 19 ವರ್ಷದವರೆಗೆ ಆಟಿಸಂ ಇದೆ ಎಂದು ಗೊತ್ತಿಲ್ಲದೆ ಬೆಳೆದವರು, ಅದರಲ್ಲೂ ಹುಡುಗಿಯರು, ಎಲ್ಲರ ಮುಂದೆ ಬೇರೆ ಯಾರೋ ಆಗಿ ನಟಿಸಿ ಸುಸ್ತಾಗಿರುತ್ತಾರೆ. ನಟಿಸದೇ ಇರುವ ಒಬ್ಬಳನ್ನು ಕಾಗದದ ಮೇಲೆ ಓಡಾಡಿಸಿ ನೋಡುವುದರಲ್ಲಿ ತಪ್ಪೇನಿದೆ? ಆದರೆ ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಸುಜು ಒಳಗೆ ಬಂದಾಗ ಉಳಿದವರು ತಮ್ಮ ತಮ್ಮ ಕೆಲಸ ಮುಂದುವರಿಸುತ್ತಾರಾ? ಇಲ್ಲಿ ನಿಮ್ಮನ್ನು ಹೊಗಳಲಾರೆ. ಮೂರನೇ ಅಧ್ಯಾಯದಲ್ಲಿ ಅವಳು ಗಿಡುಗದ ಗರಿ ಉದುರುವುದರ ಬಗ್ಗೆ ಎರಡೂವರೆ ಪುಟ ಹೇಳುತ್ತಾಳೆ. ಐದು ಜನ ನಿಂಜಾಗಳು, ಯುದ್ಧಕ್ಕೆ ಹೊರಟವರು, ಸುಮ್ನೆ ನಿಂತು ಕೇಳುತ್ತಾರೆ. ಯಾರೂ ಆಕಳಿಸುವುದಿಲ್ಲ. ಯಾರೂ 'ಹೊತ್ತಾಯ್ತು' ಎನ್ನುವುದಿಲ್ಲ. ನನಗೂ ಅಲ್ಲಿ ಬೇಜಾರಾಯಿತು. ಗರಿಯ ಮಾತು ತೆಗೆಯಬೇಡಿ. ಅರ್ಧದಲ್ಲಿ ಒಬ್ಬ ಎದ್ದು ಹೋಗಲಿ. ಸುಜು ಅದನ್ನು ಗಮನಿಸಿದಳೋ ಇಲ್ಲವೋ, ಗಮನಿಸಿಯೂ ನಿಲ್ಲಿಸಲು ಆಗಲಿಲ್ಲವೋ ಬರೆಯಿರಿ. ಅದು ನಿಮಗೆ ಗೊತ್ತಿರುವ ಜಾಗ, ಅಲ್ವಾ?

ಸುಜುಗೂ ಆಟಿಸಂ ಇದೆ ಎಂದು ಕಥೆಯಲ್ಲಿ ಹೇಳಬೇಕಾ ಎಂದು ಒಂದು ಪುಟದ ಅಂಚಿನಲ್ಲಿ ಬರೆದಿದ್ದೀರಿ. ನಿಮ್ಮ ಇಷ್ಟ. ಆ ಹಳ್ಳಿಯಲ್ಲಿ ಅದನ್ನು ಪತ್ತೆ ಹಚ್ಚುವ ಡಾಕ್ಟರಂತೂ ಕಾಣಲಿಲ್ಲ. ಒಂದು ಮಾತ್ರ ಬೇಡ: ವೈದ್ಯರ ಲಕ್ಷಣಗಳ ಪಟ್ಟಿ ಎದುರಿಗಿಟ್ಟುಕೊಂಡು ಒಂದೊಂದಾಗಿ ಅವಳಿಗೆ ಅಂಟಿಸುವುದು. ಆ ಪಟ್ಟಿ ಬರೆದದ್ದು ಹೊರಗೆ ನಿಂತು ನೋಡಿದವರು. ನೀವು ಒಳಗಿದ್ದೀರಿ.

ಅಮ್ಮನ ಮಾತಿಗೆ ಬರೋಣ. 'ಸ್ವಂತದ್ದು ಬರಿ' ಎನ್ನುವುದರ ಹಿಂದೆ ಬೇರೆ ಚಿಂತೆ ಇದೆ ಅನ್ನಿಸುತ್ತದೆ. ರಾತ್ರಿ 3 ಗಂಟೆವರೆಗೆ ಬರೆಯುತ್ತೇನೆ, ಪ್ರಾಜೆಕ್ಟ್ ಅರ್ಧಕ್ಕೆ ನಿಂತಿದೆ ಎಂದು ನೀವೇ ಹೇಳಿದ್ದೀರಿ. ಅವರು ನೋಡುತ್ತಿರುವುದು ಅದನ್ನು. ಫ್ಯಾನ್ ಫಿಕ್ಷನ್ ನಿಮಗೆ ಒಗ್ಗುವುದಕ್ಕೆ ಕಾರಣ ಇದೆ: ಊರಿನ ನಕ್ಷೆ, ಅಲ್ಲಿನ ಕಾನೂನು, ಯಾರು ಯಾರಿಗೆ ಏನಾಗಬೇಕು, ಎಲ್ಲ ಮೊದಲೇ ಗೊತ್ತು. ಇದನ್ನು ಅಮ್ಮನಿಗೆ ಹೇಳಿ. ಜೊತೆಗೆ ಒಂದು ಒಪ್ಪಂದವನ್ನೂ ಮುಂದಿಡಿ. ಶುರು ಮಾಡುವುದಕ್ಕಿಂತ ನಿಲ್ಲಿಸುವುದು ನಿಮಗೆ ಕಷ್ಟ. ಆದ್ದರಿಂದ ನಿಲ್ಲಿಸುವ ಹೊತ್ತಿಗೆ ಹತ್ತು ನಿಮಿಷ ಮೊದಲು ಒಂದು ಅಲಾರಂ ಇರಲಿ. ಅದು ಹೊಡೆದಾಗ ಮುಂದಿನ ಸಾಲು ಏನು ಎಂದು ಚೀಟಿಯಲ್ಲಿ ಬರೆದಿಟ್ಟು ವಾಕ್ಯವನ್ನು ಅರ್ಧಕ್ಕೇ ಬಿಡಿ. ನಾಳೆ ಕೂತಾಗ ದಾರಿ ಹುಡುಕುವ ಕೆಲಸ ಇರುವುದಿಲ್ಲ. ಅಮ್ಮ ಮಾಡಬೇಕಾದ್ದು ಒಂದೇ, ಪುಸ್ತಕ ಕಿತ್ತುಕೊಳ್ಳದೇ ಇರುವುದು.

ಕಮೆಂಟುಗಳ ಬಗ್ಗೆ. ನೀವು ಬರೆಯುವ ಆರ್ಕೈವ್ ಆಫ್ ಅವರ್ ಓನ್ ತಾಣದಲ್ಲಿ ಹೆಸರಿಲ್ಲದವರ ಕಮೆಂಟುಗಳನ್ನು ನಿಲ್ಲಿಸಬಹುದು, ಬಂದದ್ದನ್ನು ನೀವು ಒಪ್ಪಿದ ಮೇಲೆ ಮಾತ್ರ ಕಾಣುವ ಹಾಗೆ ಮಾಡಬಹುದು. ಇವತ್ತೇ ಮಾಡಿ. ಕಥೆಗೆ 'ಒರಿಜಿನಲ್ ಕ್ಯಾರೆಕ್ಟರ್' ಎಂಬ ಟ್ಯಾಗ್ ಹಾಕಿ. ಓಸಿ ಇಷ್ಟವಿಲ್ಲದವರು ಅತ್ತ ಹೋಗುತ್ತಾರೆ. ಬೀಟಾ ರೀಡರ್, ಅಂದರೆ ಹಾಕುವ ಮೊದಲೇ ಓದಿ ಹೇಳುವವರು, ಸಿಕ್ಕರೆ 'ಹೇಗಿದೆ' ಎಂದು ಕೇಳಬೇಡಿ. ಅದಕ್ಕೆ ಬರುವ ಉತ್ತರ ನಿಮಗೆ ಉಪಯೋಗವಾಗುವುದಿಲ್ಲ. 'ಯಾವ ಸಾಲಿನಲ್ಲಿ ನಿಮ್ಮ ಗಮನ ಬೇರೆ ಕಡೆ ಹೋಯಿತು' ಎಂದು ಕೇಳಿ.

ಎರಡು ದಿನ ಊಟ ಬಿಟ್ಟದ್ದನ್ನು ಮಾತ್ರ ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಮತ್ತೆ ಹಾಗಾದರೆ, ಅಥವಾ ಬದುಕೇ ಬೇಡ ಎನ್ನಿಸಿದರೆ, ಬೆಳಗಾಗಲಿ ಎಂದು ಕಾಯಬೇಡಿ. ಅಮ್ಮನನ್ನು ಎಬ್ಬಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಫೋನಿನಲ್ಲಿ ಮಾತು ಬರುವುದಿಲ್ಲ ಎಂದಿದ್ದೀರಿ. ಹೇಳಬೇಕಾದ ನಾಲ್ಕು ಸಾಲು ಈಗಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳಿ, ಅದನ್ನು ಓದಿದರೆ ಸಾಕು.

ಕೊನೆಗೆ ನನ್ನದೊಂದು ಪ್ರಶ್ನೆ. ನಿಮ್ಮ ಪಟ್ಟಿಯಲ್ಲಿ 11 ಗಿಡುಗಗಳಿವೆ. ಹತ್ತಕ್ಕೆ ಹೆಸರು, ವಯಸ್ಸು, ತೂಕ, ಯಾವುದಕ್ಕೆ ಯಾರನ್ನು ಕಂಡರಾಗುವುದಿಲ್ಲ ಎಂಬುದೆಲ್ಲ ಇದೆ. ಹನ್ನೊಂದನೆಯದರ ಮುಂದೆ ಒಂದು ಗೆರೆ ಎಳೆದು ಬಿಟ್ಟಿದ್ದೀರಿ. ಆ ರಾತ್ರಿ ಬಾಗಿಲ ಹೊರಗೆ ಬಂದು ಕೂತಿರುವುದು ಅದೇನಾ?